ಅವ್ವ ನೋಡಿದ ‘ಬೈಸಿಕಲ್ ಥೀವ್ಸ್’

ಪದವಿ ಮುಗಿದು ಎರಡು ವರ್ಷ. ನನ್ನ ಕೋಚಿಂಗ್ ಶುಲ್ಕಕ್ಕೆಂದು ಅವ್ವ ಅಡವಿಟ್ಟ ಓಲೆ ಇನ್ನೂ ಚನ್ನರಾಯಪಟ್ಟಣದಲ್ಲೇ ಇದೆ. ಓದಿ ಓದಿ ಬೇಸರವಾದ ಒಂದು ರಾತ್ರಿ, ಜಿನನಾಥಪುರದ ನಮ್ಮ ಮನೆಯ ಜಗಲಿಯಲ್ಲಿ ಕೂತು ಮೊಬೈಲಿನಲ್ಲಿ ‘ಬೈಸಿಕಲ್ ಥೀವ್ಸ್’ ಹಾಕಿದೆ. 1948ರ ಇಟಲಿ ಸಿನಿಮಾ, ನಿರ್ದೇಶಕ ವಿಟ್ಟೋರಿಯೊ ಡಿ ಸಿಕಾ. ನಾಯಕನ ಪಾತ್ರ ಮಾಡಿದವರು ವೃತ್ತಿನಟರಲ್ಲ, ಕಾರ್ಖಾನೆ ಕಾರ್ಮಿಕ.

ಅವರೆಕಾಯಿ ಸುಲಿಯುತ್ತಿದ್ದ ಅವ್ವ ಇಣುಕಿದಳು. ಅವನಿಗೆ ಪೋಸ್ಟರ್ ಅಂಟಿಸುವ ಕೆಲಸ ಸಿಕ್ಕಿದೆ, ಆದರೆ ಸೈಕಲ್ ಬೇಕು, ಅದು ಅಡವಿನಲ್ಲಿದೆ. ಹೆಂಡತಿ ಹಾಸಿಗೆಯ ಬಟ್ಟೆಗಳನ್ನೇ ಕೊಟ್ಟು ಬಿಡಿಸುತ್ತಾಳೆ. ‘ಎಲ್ಲಾ ಊರಲ್ಲೂ ಇದೇ ಕಣೋ’ ಎಂದ ಅವ್ವ ಮತ್ತೆ ಕಾಯಿ ಮುಟ್ಟಲಿಲ್ಲ. ಕೆಲಸದ ಮೊದಲ ದಿನವೇ ಸೈಕಲ್ ಕಳುವು. ಅಪ್ಪ, ಮಗ ರೋಮ್ ನಗರವಿಡೀ ಹುಡುಕುತ್ತಾರೆ. ಇಟಾಲಿಯನ್ ಅವಳಿಗೆಲ್ಲಿ ಬರಬೇಕು, ನಾನೇ ಅಲ್ಲಲ್ಲಿ ಹೇಳುತ್ತಿದ್ದೆ. ಕೊನೆಕೊನೆಗೆ ಅದೂ ಬೇಕಾಗಲಿಲ್ಲ.

ಕನ್ನಡದಲ್ಲಿ ಇದರ ಪಕ್ಕ ಇಡಬಹುದಾದದ್ದು ಗಿರೀಶ ಕಾಸರವಳ್ಳಿಯವರ ‘ತಬರನ ಕಥೆ’. ತೇಜಸ್ವಿಯವರ ಕಥೆ ಆಧರಿಸಿದ್ದು. ಪಿಂಚಣಿಗಾಗಿ ಅಲೆದು ಅಲೆದು ಸೋಲುವ ತಬರನಾಗಿ ಚಾರುಹಾಸನ್ 1986ರ ರಾಷ್ಟ್ರಪ್ರಶಸ್ತಿ ಪಡೆದರು. ಕೆಲಸ ಹುಡುಕುವವರು ಇದನ್ನು ನೋಡಬಹುದೇ? ನೋಡಲೇಬೇಕು, ಆದರೆ ಫಲಿತಾಂಶದ ಹಿಂದಿನ ದಿನ ಬೇಡ.

ಅಂದು ಸಿನಿಮಾ ಮುಗಿದಾಗ ಅವ್ವ ಕೇಳಿದ್ದು ಒಂದೇ: ‘ನಾಳೆ ಬೆಳಿಗ್ಗೆ ಅವನು ಕೆಲಸಕ್ಕೆ ಹೆಂಗೆ ಹೋಗ್ತಾನೆ?’