ಸೈಕಲ್ ಬಿಡಬೇಡಿ, ಸೀಟು ಬದಲಿಸಿ



ಸ್ಟೆಂಟ್ ಹಾಕಿಸಿಕೊಂಡಿದ್ದ 54 ವರ್ಷದವರೊಬ್ಬರು ತಪಾಸಣೆಗೆ ಬಂದಿದ್ದರು. ಹುಬ್ಬಳ್ಳಿ ಕಡೆಯವರು, ಪುಣೆಯಲ್ಲಿ ನೆಲೆಸಿ ಬಹಳ ವರ್ಷವಾಯಿತು. ವಾರಕ್ಕೊಮ್ಮೆ ದೂರ ಸೈಕಲ್ ತುಳಿಯುತ್ತಿದ್ದವರು ಈಗ ತೂಕ ಏರಿಸಿಕೊಂಡಿದ್ದರು. "ಸೈಕಲ್ ಯಾಕ ಬಿಟ್ರಿ?" ಎಂದೆ. ಹೆಂಡತಿ ಹೊರಗೆ ಹೋದ ಮೇಲೆ ಮೆಲ್ಲಗೆ ಹೇಳಿದರು: "ಡಾಕ್ಟ್ರೇ, ಲೋಣಾವಳಕ್ಕ ಹೋಗಿ ಬಂದ ಮ್ಯಾಲೆ ಕೆಳಗ ಜೋಮು ಹಿಡದಂಗಾತು. ಹೇಳಾಕ ನಾಚಿಕಿ."

ಹೃದಯಕ್ಕೆ ಇಷ್ಟು ಒಳ್ಳೆಯ ವ್ಯಾಯಾಮ ಬರೀ ಒಂದು ಸೀಟಿನಿಂದ ನಿಂತುಹೋಗಬಾರದು. ಅದಕ್ಕೇ ಇವತ್ತಿನ ಲೇಖನ.

*ಜೋಮು ಏಕೆ?*
ಕೂತಾಗ ದೇಹದ ಭಾರ ಹೊರಬೇಕಾದದ್ದು ಕುಂಡೆಯ ಕೆಳಗಿರುವ ಎರಡು ಮೂಳೆಗಳು. ಅವುಗಳ ನಡುವಿನ ಮೃದು ಭಾಗದಲ್ಲಿ ಜನನಾಂಗಕ್ಕೆ ಹೋಗುವ ನರ ಮತ್ತು ರಕ್ತನಾಳಗಳಿವೆ. ಸೀಟು ತೀರಾ ಕಿರಿದಾಗಿದ್ದರೆ ಅಥವಾ ಮೂತಿ ಮೇಲೆದ್ದಿದ್ದರೆ ಭಾರವೆಲ್ಲ ಅಲ್ಲಿಗೆ ಬೀಳುತ್ತದೆ. ಜೋಮು ಎಂದರೆ ಎಚ್ಚರಿಕೆಯ ಗಂಟೆ, ಸಹಿಸಿಕೊಳ್ಳಬೇಡಿ.

*ಮೆತ್ತಗಿದ್ದರೆ ಒಳ್ಳೆಯದಲ್ಲವೇ?*
ಅರ್ಧ ಗಂಟೆಯ ಸವಾರಿಗೆ ಹೌದು. 50–60 ಕಿ.ಮೀ. ಹೋಗುವವರಿಗೆ ಅಲ್ಲ. ದಪ್ಪ ಜೆಲ್ ಸೀಟಿನಲ್ಲಿ ಮೂಳೆಗಳು ಹೂತುಹೋಗಿ, ನಡುವಿನ ಜೆಲ್ ಮೇಲೆದ್ದು ಅದೇ ಮೃದು ಭಾಗವನ್ನು ಒತ್ತುತ್ತದೆ. ದೂರಕ್ಕೆ ಸ್ವಲ್ಪ ಗಟ್ಟಿ ಸೀಟೇ ಮೇಲು.

*ಮನೆಯಲ್ಲೇ ಅಳತೆ ಮಾಡಿ*
1. ಗಟ್ಟಿ ಸ್ಟೂಲಿನ ಮೇಲೆ ಪಾರ್ಸೆಲ್ ಡಬ್ಬಿಯ ರಟ್ಟು ಹಾಕಿ.
2. ಅದರ ಮೇಲೆ ಕೂತು ಸ್ವಲ್ಪ ಮುಂದಕ್ಕೆ ಬಾಗಿ. ಒಂದು ನಿಮಿಷ ಸಾಕು.
3. ರಟ್ಟಿನಲ್ಲಿ ಎರಡು ತಗ್ಗು ಮೂಡುತ್ತವೆ. ಅವುಗಳ ನಡುಬಿಂದುಗಳ ಅಂತರ ಅಳೆಯಿರಿ.
4. ಅದಕ್ಕೆ 2–3 ಸೆಂ.ಮೀ. ಸೇರಿಸಿದರೆ ಸೀಟಿನ ಅಗಲ. ಅಂತರ 12 ಇದ್ದರೆ 14–15 ಸೆಂ.ಮೀ. ಸೀಟು ಕೇಳಿ.

ಹೆಂಗಸರಿಗೆ ಸಾಮಾನ್ಯವಾಗಿ ಇನ್ನೂ ಅಗಲ ಬೇಕಾಗುತ್ತದೆ. ನೆಟ್ಟಗೆ ಕೂತು ತುಳಿಯುವವರಿಗೂ ಹಾಗೆಯೇ. ಜೋಮು ಬರುವವರು ನಡುವೆ ಸೀಳು ಬಿಟ್ಟ ಸೀಟು ನೋಡಿ. ಬ್ರೂಕ್ಸ್‌ನಂಥ ಚರ್ಮದ ಸೀಟು ತುಳಿಯುತ್ತಾ ತುಳಿಯುತ್ತಾ ನಮ್ಮ ಮೈಗೆ ಒಗ್ಗುತ್ತದೆ. ಆದರೆ ಮುಂಬೈ ಮಳೆಗೆ ಅದಕ್ಕೊಂದು ಕವರ್ ಬೇಕೇ ಬೇಕು.

*ಕೂರಿಸುವ ರೀತಿ*
• ಸೀಟು ಸಮತಟ್ಟಾಗಿರಲಿ, ಮೂತಿ ಮೇಲೇಳದಿರಲಿ.
• ಪೆಡಲ್ ಕೆಳಗಿರುವಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಸೀಟು ಅತಿ ಎತ್ತರವಾದರೆ ಸೊಂಟ ಆಚೀಚೆ ಹೊರಳಿ ತೊಡೆ ಉಜ್ಜುತ್ತದೆ.
• ಪ್ಯಾಡ್ ಇರುವ ಸೈಕಲ್ ಚಡ್ಡಿ ಹಾಕಿ, ಅದರೊಳಗೆ ಬೇರೆ ಒಳಚಡ್ಡಿ ಬೇಡ.
• 10–15 ನಿಮಿಷಕ್ಕೊಮ್ಮೆ ಪೆಡಲ್ ಮೇಲೆ ಎದ್ದು ನಿಲ್ಲಿ.
• ಹೊಸ ಸೀಟಿನಲ್ಲಿ ಮೊದಲ ದಿನವೇ ದೂರ ಹೋಗಬೇಡಿ.

*ಹೃದ್ರೋಗ, ಸಕ್ಕರೆ ಕಾಯಿಲೆ ಇರುವವರಿಗೆ*
• ಸಕ್ಕರೆ ಕಾಯಿಲೆಯಿಂದ ನರ ಮಂದವಾಗಿದ್ದರೆ ನೋವೇ ತಿಳಿಯದು. ಸವಾರಿಯ ನಂತರ ಗಾಯ, ಕುರು ಇದೆಯೇ ನೋಡಿಕೊಳ್ಳಿ.
• ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಉಜ್ಜಿದ ಗಾಯವನ್ನು ಕಡೆಗಣಿಸಬೇಡಿ. ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ.
• ಎದೆ ಬಿಗಿತ, ದವಡೆ ಅಥವಾ ತೋಳಿನ ನೋವು, ವಿಪರೀತ ಏದುಸಿರು ಬಂದರೆ ತಕ್ಷಣ ನಿಲ್ಲಿಸಿ, ಆಸ್ಪತ್ರೆಗೆ ಹೋಗಿ.

ಇನ್ನೊಂದು ಮಾತು, ಗಂಡಸರಿಗೆ. ಸೈಕಲ್‌ನಿಂದಿಳಿದ ಸ್ವಲ್ಪ ಹೊತ್ತಿಗೆ ಜೋಮು ಹೋಗಬೇಕು. ಹೋಗದಿದ್ದರೆ ಅಥವಾ ಲೈಂಗಿಕ ತೊಂದರೆ ಕಾಣಿಸಿದರೆ ಎಲ್ಲವನ್ನೂ ಸೀಟಿನ ಮೇಲೆ ಹಾಕಿ ಸುಮ್ಮನಿರಬೇಡಿ. ನಿಮಿರುವಿಕೆಯ ತೊಂದರೆ ಕೆಲವೊಮ್ಮೆ ಹೃದಯದ ರಕ್ತನಾಳದ ಕಾಯಿಲೆಯ ಮೊದಲ ಸೂಚನೆ. ವೈದ್ಯರ ಮುಂದೆ ನಾಚಿಕೆ ಬೇಡ.

ನಮ್ಮ ಹುಬ್ಬಳ್ಳಿಯವರ ಸೀಟು ಕಿರಿದಾಗಿತ್ತು, ಮೂತಿಯೂ ಎದ್ದಿತ್ತು. ಎರಡನ್ನೂ ಸರಿಪಡಿಸಿದರು, ಈಗ ಮತ್ತೆ ತುಳಿಯುತ್ತಿದ್ದಾರೆ.

ಸೈಕಲ್ ಮೂಲೆಗೆ ನಿಲ್ಲಿಸಿರುವ ನಿಮ್ಮ ಬಂಧುಗಳಿಗೆ ಇದನ್ನು ಕಳುಹಿಸಿ.