ಮಳೆ ನೋಡಬೇಡಿ, ಗಾಳಿ ನೋಡಿ

ಆಷಾಢ ಬಂತೆಂದರೆ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಗೆ ಮೊದಲು ಬರುವುದು ಮಳೆಯಲ್ಲ, ಗಾಳಿ. ಪಡುವಣದಿಂದ ಹಗಲೂ ರಾತ್ರಿ ಬೀಸುವ ಆ ಗಾಳಿಗೆ ಹೊಲದ ಮಣ್ಣು ಎದ್ದು ಊರೊಳಗೆ ಬರುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳು ಬಿಡುವಿಲ್ಲದೆ ತಿರುಗುವುದೂ ಆಗಲೇ. ಮೋಡಗಳು ತಲೆಯ ಮೇಲೆ ಹಾದುಹೋಗುತ್ತವೆ, ಬಿತ್ತನೆಗೆ ಕಾದವರ ಹೊಲಕ್ಕೆ ಹನಿ ಬೀಳುವುದಿಲ್ಲ. ಅದೇ ಗಾಳಿ ಇಲ್ಲಿಗೆ ಮುಟ್ಟುವ ಮುಂಚೆ ಸಾವಿರಾರು ಕಿಲೋಮೀಟರ್ ಅರಬ್ಬಿ ಸಮುದ್ರದ ಮೇಲೆ ಓಡಿ, ತೆರೆಗಳನ್ನೆಬ್ಬಿಸಿ, ಹೊತ್ತ ನೀರನ್ನೆಲ್ಲ ಘಟ್ಟದ ಮೇಲೆ ಸುರಿದು ಬಂದಿರುತ್ತದೆ. ಮಳೆಗಾಲದಲ್ಲಿ ಯಾವ ದ್ವೀಪಕ್ಕೆ ಹೋದರೆ, ಅದರ ಯಾವ ಬದಿಯಲ್ಲಿ ನೀರಿಗಿಳಿದರೆ ಸ್ಕೂಬಾ ಡೈವಿಂಗ್ ಸಾಧ್ಯ ಎಂಬ ಪ್ರಶ್ನೆಗೆ ಉತ್ತರವೂ ಈ ಗಾಳಿಯಲ್ಲೇ ಇದೆ.

ಬಯಲುಸೀಮೆಯವರಿಗೆ ಕಡಲಾಳ ಈಗ ದೂರದ ಮಾತಲ್ಲ. ಚಳ್ಳಕೆರೆಯಿಂದ ಮುರುಡೇಶ್ವರ ಸುಮಾರು 300 ಕಿಲೋಮೀಟರ್. ದೇವರ ದರ್ಶನಕ್ಕೆ ಹೋದವರು ಮರುದಿನ ಬೆಳಿಗ್ಗೆ ಬೋಟು ಹತ್ತಿ ನೇತ್ರಾಣಿ ದ್ವೀಪಕ್ಕೆ ಹೋಗಿ, ಸಿಲಿಂಡರ್ ಬೆನ್ನಿಗೇರಿಸಿಕೊಂಡು ಹವಳದ ನಡುವೆ ಮೀನುಗಳನ್ನು ನೋಡಿ ಬರಬಹುದು. 2022ರ ಅಕ್ಟೋಬರಿನಲ್ಲಿ ತೆರೆಕಂಡ ‘ಗಂಧದ ಗುಡಿ’ಯಲ್ಲಿ ಪುನೀತ್ ರಾಜ್‌ಕುಮಾರ್ ನೀರಿನೊಳಗೆ ಈಜಿದ್ದನ್ನು ಕಂಡ ಮೇಲೆ ಈಜು ಬಾರದವರಿಗೂ ಆ ಆಸೆ ಹುಟ್ಟಿದೆ. ತೊಡಕು ಇರುವುದು ಕಾಲದಲ್ಲಿ. ಆಷಾಢದಲ್ಲಿ ಮದುವೆಗಳಿಲ್ಲ, ರೇಷ್ಮೆ ಸೀರೆಯ ವ್ಯಾಪಾರವೂ ತಣ್ಣಗಿರುತ್ತದೆ. ಮೊಳಕಾಲ್ಮೂರಿನ ನೇಕಾರರ ಮನೆಯವರಿಗೆ ಊರು ಬಿಟ್ಟು ಹೊರಡಲು ಬಿಡುವು ಸಿಗುವ ಹೊತ್ತದು. ನೇತ್ರಾಣಿಯಲ್ಲಿ ಡೈವಿಂಗ್ ನಿಂತಿರುವುದೂ ಅದೇ ಹೊತ್ತಿನಲ್ಲಿ.

ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ, ಮೇಲಿನಿಂದ ನೋಡಿದರೆ ಹೃದಯದ ಆಕಾರದ ಸಣ್ಣ ದ್ವೀಪ. ಸುತ್ತಲೂ ನೀರಿಗೇ ಇಳಿದ ಬಂಡೆ, ಮೇಲೆ ಕಾಡು, ಬಿಳಿಹೊಟ್ಟೆಯ ಕಡಲಹದ್ದುಗಳ ಗೂಡು. ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿದ ನೆಲವಿದು. ಡೈವಿಂಗ್‌ಗೆ ಬಂದವರು ದ್ವೀಪಕ್ಕೆ ಹತ್ತುವುದಿಲ್ಲ, ಬಂಡೆಯ ಪಕ್ಕದಲ್ಲಿ ನಿಂತ ಬೋಟಿನಿಂದಲೇ ನೀರಿಗಿಳಿಯುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಕರ್ನಾಟಕ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧ. ಡೈವಿಂಗ್ ಬೋಟುಗಳು ಅದಕ್ಕೂ ಹೆಚ್ಚು ಕಾಲ ದಡದಲ್ಲೇ ಉಳಿದು, ಸಾಮಾನ್ಯವಾಗಿ ಅಕ್ಟೋಬರಿನಲ್ಲಿ ಮತ್ತೆ ಹೊರಡುತ್ತವೆ. ತೆರೆದ ಕಡಲ ನಡುವೆ ಒಂಟಿಯಾಗಿರುವ ಇಷ್ಟು ಚಿಕ್ಕ ದ್ವೀಪ ಮುಂಗಾರಿನ ತೆರೆಗಳನ್ನು ತಡೆಯಲಾರದು. ಪಶ್ಚಿಮದಿಂದ ಬಂದ ತೆರೆ ದ್ವೀಪವನ್ನು ಬಳಸಿಕೊಂಡು ಪೂರ್ವದ ಬದಿಗೂ ಬರುತ್ತದೆ.

ಮಳೆ ಬಿದ್ದರೆ ನೀರಿನೊಳಗೆ ಏನಾಗುತ್ತದೆ? ಬಹುತೇಕ ಏನೂ ಆಗುವುದಿಲ್ಲ. ಸಿಹಿನೀರು ಹಗುರ, ಕಡಲ ಮೇಲೆ ತೆಳ್ಳಗೆ ಹರಡಿಕೊಳ್ಳುತ್ತದೆ. ನಾಲ್ಕೈದು ಮೀಟರ್ ಕೆಳಗಿದ್ದವರಿಗೆ ಮಳೆ ಬರುತ್ತಿದೆ ಎನ್ನುವುದಕ್ಕೆ ಗುರುತು, ತಲೆ ಎತ್ತಿ ನೋಡಿದಾಗ ಮೇಲ್ಮೈಯಲ್ಲಿ ಕಾಣುವ ಹನಿಗಳ ಚುಕ್ಕಿ ಮತ್ತು ಕೊಂಚ ಮಂಕಾದ ಬೆಳಕು. ಡೈವಿಂಗನ್ನು ಕೆಡಿಸುವುದು ಬೇರೆಯೇ. ತೆರೆ ದೊಡ್ಡದಿದ್ದರೆ ಅದರ ತೂಗಾಟ ತಳದವರೆಗೂ ಇಳಿದು, ಬಂಡೆಯ ಬಳಿ ಇರುವವರನ್ನು ತೊಟ್ಟಿಲು ತೂಗಿದಂತೆ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಎಳೆಯುತ್ತದೆ. ಹೊಸಬರು ಹವಳಕ್ಕೆ ತಗುಲಿ ಗಾಯ ಮಾಡಿಕೊಳ್ಳುವುದು ಹೀಗೆ, ಹವಳ ಮುರಿಯುವುದೂ ಹೀಗೆ. ನದಿಗಳೂ ಸೇರಿಕೊಳ್ಳುತ್ತವೆ. ಹೊನ್ನಾವರದಲ್ಲಿ ಕಡಲು ಸೇರುವ ಶರಾವತಿಯಂಥ ಹೊಳೆಗಳು ಘಟ್ಟದ ಕೆಂಪು ಮಣ್ಣನ್ನು ತಂದು ಸುರಿಯುವಾಗ ದಡದ ನೀರು ಕದಡಿರುತ್ತದೆ. ಮುಂಗಾರಿನ ಗಾಳಿ ಕರಾವಳಿಯ ಮೇಲಿನ ನೀರನ್ನು ಹೊರಕ್ಕೆ ತಳ್ಳಿದಾಗ ಆಳದಿಂದ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲೆ ಬರುತ್ತದೆ. ಅದನ್ನುಂಡು ಕಣ್ಣಿಗೆ ಕಾಣದ ಸಸ್ಯಜೀವಿಗಳು ಲೆಕ್ಕವಿಲ್ಲದಷ್ಟು ಬೆಳೆದು ನೀರು ಹಸಿರಾಗುತ್ತದೆ. ಮೀನಿಗೆ ಅದು ಹಬ್ಬ. ಮಾಸ್ಕಿನ ಗಾಜಿನ ಹಿಂದಿನ ಕಣ್ಣಿಗೆ ಮಾತ್ರ ಮುಂದಿನದು ಕಾಣುವುದಿಲ್ಲ.

ಹಾಗಾಗಿ ಹುಡುಕಬೇಕಾದದ್ದು ಮಳೆಯಿಲ್ಲದ ದ್ವೀಪವನ್ನಲ್ಲ, ಗಾಳಿಮರೆಯ ಬದಿಯನ್ನು. ಇದನ್ನು ಚಳ್ಳಕೆರೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮುರುಡೇಶ್ವರವಿರುವ ಭಟ್ಕಳದ ಕಡೆ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ, ಚಳ್ಳಕೆರೆಗೆ 500ರ ಆಸುಪಾಸು. ನಡುವೆ ಘಟ್ಟ ಅಡ್ಡ ನಿಂತಿದೆ. ಎತ್ತರದ ನೆಲವಿರುವ ಪ್ರತಿ ದ್ವೀಪವೂ ಗಾಳಿಗೆ ಹೀಗೆಯೇ ಅಡ್ಡ ನಿಲ್ಲುತ್ತದೆ. ಶ್ರೀಲಂಕಾ ಇದಕ್ಕೆ ಸ್ಪಷ್ಟ ಉದಾಹರಣೆ. ಜೂನ್-ಜುಲೈನಲ್ಲಿ ಅದರ ನೈಋತ್ಯದ ಹಿಕ್ಕಡುವದಲ್ಲಿ ಕಡಲು ಕೆರಳಿ ಡೈವಿಂಗ್ ನಿಂತಿರುತ್ತದೆ. ನಡುನಾಡಿನ ಬೆಟ್ಟಗಳಾಚೆ, ಪೂರ್ವ ತೀರದ ಟ್ರಿಂಕಾಮಲೀಯಲ್ಲಿ ಅದೇ ವಾರ ನೀರು ತಿಳಿಯಾಗಿರುತ್ತದೆ. ಅಲ್ಲಿ ಹವಳ ನೋಡಲು ಜನ ಹೋಗುವ ರಾಷ್ಟ್ರೀಯ ಉದ್ಯಾನದ ಹೆಸರು ಪಿಜನ್ ಐಲ್ಯಾಂಡ್. ಇಂಗ್ಲಿಷ್ ನಕ್ಷೆಗಳಲ್ಲಿ ನೇತ್ರಾಣಿಗೂ ಅದೇ ಹೆಸರು. ನಮ್ಮದು ಮುಚ್ಚಿರುವಾಗ ಅವರದು ತೆರೆದಿರುತ್ತದೆ. ಥಾಯ್ಲೆಂಡಿನಲ್ಲೂ ಇದೇ ಕಥೆ. ಅಂಡಮಾನ್ ಸಮುದ್ರದ ಕಡೆಗಿರುವ ಸಿಮಿಲನ್ ದ್ವೀಪಗಳನ್ನು ಮೇ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಮುಚ್ಚುತ್ತಾರೆ, ಆಚೆ ಬದಿಯ ಕೊಲ್ಲಿಯಲ್ಲಿರುವ ಕೋ ಟಾವೊದಲ್ಲಿ ಆಗ ಡೈವಿಂಗ್ ನಡೆದಿರುತ್ತದೆ.

ಪಾಸ್‌ಪೋರ್ಟ್ ಬೇಡ, ಮುಂಗಾರಿನಲ್ಲೇ ಹೋಗಬೇಕು ಎನ್ನುವವರಿಗೆ ಉಳಿಯುವುದು ಅಂಡಮಾನ್. ಅಲ್ಲಿಗೆ ಮುಂಗಾರು ಕೇರಳಕ್ಕಿಂತ ಮುಂಚೆಯೇ, ಮೇ ತಿಂಗಳಲ್ಲಿ ಮುಟ್ಟುತ್ತದೆ, ಮಳೆಯೂ ಜೋರು. ಆದರೂ 2018ರಿಂದ ಸ್ವರಾಜ್ ದ್ವೀಪ ಎಂಬ ಹೆಸರು ಪಡೆದ ಹ್ಯಾವ್‌ಲಾಕ್‌ನಲ್ಲಿ ಜುಲೈನಲ್ಲೂ ನೀರಿಗಿಳಿಯುವವರಿದ್ದಾರೆ. ದ್ವೀಪದ ಕಾಡುಗುಡ್ಡಗಳು ನೈಋತ್ಯದ ಗಾಳಿಯನ್ನು ಒಂದಿಷ್ಟು ತಡೆಯುತ್ತವೆ. ಪಶ್ಚಿಮಕ್ಕೆ ಮುಖ ಮಾಡಿದ, ಹೆಸರಾಂತ ರಾಧಾನಗರ ತೀರದಲ್ಲಿ ತೆರೆಗಳು ಅಪ್ಪಳಿಸುವಾಗ ಈಶಾನ್ಯದ ಗೋವಿಂದನಗರ ತೀರದ ನೀಮೋ ರೀಫ್‌ನಲ್ಲಿ ದಡದಿಂದಲೇ ನಡೆದು ನೀರಿಗಿಳಿಯಬಹುದು. ಆಳ ಕಡಿಮೆ, ತಳದಲ್ಲಿ ಮರಳು, ನಡುನಡುವೆ ಹವಳ. ಹೊಸಬರು ಕಲಿಯುವುದು ಇಲ್ಲೇ. ಜೆಟ್ಟಿಯ ಹತ್ತಿರದ ‘ದಿ ವಾಲ್’ ಎಂಬ ಜಾಗವೂ ದೂರವಿಲ್ಲದ್ದರಿಂದ ಮಳೆಗಾಲದಲ್ಲಿ ಕೈಗೆಟುಕುತ್ತದೆ. ಹೆಸರುವಾಸಿ ಡಿಕ್ಸನ್ಸ್ ಪಿನಕಲ್, ಜಾನೀಸ್ ಗಾರ್ಜ್ ಮಾತ್ರ ದೂರದ ತೆರೆದ ಕಡಲಲ್ಲಿವೆ, ಆಳವೂ ಹೆಚ್ಚು. ಗಾಳಿ ಬಿಟ್ಟುಕೊಟ್ಟ ದಿನ ಅನುಭವಿಗಳು ಹೋಗುವ ಜಾಗಗಳವು. ಜುಲೈನಲ್ಲಿ ‘ಜಾನೀಸ್ ಗಾರ್ಜ್ ಗ್ಯಾರಂಟಿ’ ಎಂದು ಯಾರಾದರೂ ಮುಂಗಡ ಕೇಳಿದರೆ ಹಣ ಕೊಡದಿರುವುದೇ ಲೇಸು. ಹಡಗುಗಳೇ ರದ್ದಾಗುವ ಕಾಲವಾದ್ದರಿಂದ ಕೈಯಲ್ಲಿ ಒಂದೆರಡು ದಿನ ಹೆಚ್ಚಿರಬೇಕು.

ಹಿಂಗಾರು ಬಂದಾಗ ಗಾಳಿ ದಿಕ್ಕು ಬದಲಿಸುತ್ತದೆ, ಗಾಳಿಮರೆಯ ಬದಿಯೂ ಬದಲಾಗುತ್ತದೆ. ಚಳ್ಳಕೆರೆ ಸೀಮೆಗೆ ಹಸ್ತ, ಚಿತ್ತೆ ಮಳೆಗಳು ಕೆರೆಗೆ ನೀರು ತರುವ ಹೊತ್ತಿಗೆ ನೇತ್ರಾಣಿಯ ಬೋಟುಗಳು ಹೊರಟಿರುತ್ತವೆ. ಇಲ್ಲಿ ಮಳೆಗಾಲ, ಅಲ್ಲಿ ಡೈವಿಂಗ್ ಕಾಲ. ಆದರೆ ಚಂಡಮಾರುತಗಳ ಕಾಲವೂ ಅದೇ. 2019ರ ಅಕ್ಟೋಬರಿನಲ್ಲಿ ‘ಕ್ಯಾರ್’ ಅರಬ್ಬಿ ಸಮುದ್ರವನ್ನು ಕಲಕಿತು. ಬಂಗಾಳಕೊಲ್ಲಿಯ ಬಿರುಗಾಳಿಯಿಂದ 2016ರ ಡಿಸೆಂಬರಿನಲ್ಲಿ ಹ್ಯಾವ್‌ಲಾಕ್, ನೀಲ್ ದ್ವೀಪಗಳಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಕ್ಕಿಬಿದ್ದು, ನೌಕಾಪಡೆ ಹೋಗಿ ಕರೆತರಬೇಕಾಯಿತು. ಮಳೆಗಾಲ ಮುಗಿಯಿತು, ಇನ್ನು ಕಡಲು ಶಾಂತ ಎಂದುಕೊಳ್ಳುವುದು ಒಳನಾಡಿನವರು ಮಾಡುವ ದುಬಾರಿ ತಪ್ಪು. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ತೀರದಲ್ಲೇ ನೀರುಪಾಲಾದರು.

ತಿಂಗಳು, ದ್ವೀಪ, ಬದಿ ಗೊತ್ತಾದ ಮೇಲೆ ದಿನ ಆರಿಸುವ ಕೆಲಸವಿದೆ. ಗೋಡೆಯ ಕ್ಯಾಲೆಂಡರೇ ಇದಕ್ಕೆ ನೆರವಾಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಉಬ್ಬರ-ಇಳಿತ ದೊಡ್ಡದು, ನೀರಿನ ಸೆಳೆತವೂ ಹೆಚ್ಚು. ಅಷ್ಟಮಿಯ ಹತ್ತಿರ ಎರಡೂ ಕಡಿಮೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ತೆರೆಗಳ ಎತ್ತರದ ಮುನ್ಸೂಚನೆಯನ್ನು ಎಲ್ಲರಿಗೂ ಉಚಿತವಾಗಿ ಕೊಡುತ್ತದೆ. ನಮ್ಮ ಕರಾವಳಿಯಲ್ಲಿ ಮಧ್ಯಾಹ್ನದ ಮೇಲೆ ಕಡಲಗಾಳಿ ಏಳುವುದರಿಂದ ಬೆಳಗಿನ ಬೋಟೇ ಒಳ್ಳೆಯದು. ಗುಡುಗು ಕೇಳಿಸಿದರೆ ಡೈವಿಂಗ್ ಬೇಡ, ಮೇಲೆ ಬಂದಾಗ ತಲೆ ನೀರಿನ ಮೇಲಿರುತ್ತದೆ, ಸಿಡಿಲಿಗೆ ಅಷ್ಟು ಸಾಕು. ತರಬೇತಿಯಿಲ್ಲದೆ ಮೊದಲ ಸಲ ಇಳಿಯುವವರಿಗೆ 12 ಮೀಟರ್ ಮಿತಿ, ಅದೂ ತರಬೇತುದಾರರ ಜೊತೆ. ಈ ಮಿತಿಯಲ್ಲಿ ನೋಡಲು ಏನೂ ಇಲ್ಲದ ಜಾಗವನ್ನು ಹೊಸಬರು ಆರಿಸಿ ಪ್ರಯೋಜನವಿಲ್ಲ.

ಮಳೆಗಾಲದ ಇನ್ನೊಂದು ಅಡ್ಡಿ ನೆಗಡಿ. ಕೆಳಗಿಳಿದಂತೆ ಮೂಗು ಹಿಡಿದು ಮೆಲ್ಲಗೆ ಊದಿ ಕಿವಿಯೊಳಗಿನ ಒತ್ತಡ ಸರಿಮಾಡಿಕೊಳ್ಳಬೇಕು. ಮೂಗು ಕಟ್ಟಿದ್ದರೆ ಅದಾಗುವುದಿಲ್ಲ, ಹಟ ಮಾಡಿದರೆ ಕಿವಿತಮಟೆಗೆ ಪೆಟ್ಟು. ಮರಳುವ ದಾರಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆಳದಲ್ಲಿ ಉಸಿರಾಡಿದ ಸಾರಜನಕ ಮೈಯಲ್ಲಿ ಕರಗಿರುತ್ತದೆ, ಅದು ನಿಧಾನವಾಗಿ ಹೊರಹೋಗಬೇಕು. ಆದ್ದರಿಂದಲೇ ಒಂದು ಡೈವ್ ಆದ ಮೇಲೆ ಕನಿಷ್ಠ 12 ಗಂಟೆ, ಹಲವು ಡೈವ್ ಆಗಿದ್ದರೆ 18 ಗಂಟೆ ವಿಮಾನ ಹತ್ತಬಾರದು ಎನ್ನುತ್ತಾರೆ. ಸುಮಾರು 600 ಮೀಟರ್ ದಾಟುವ ಬೆಟ್ಟದ ದಾರಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ. ಚಿತ್ರದುರ್ಗ ಪಟ್ಟಣ ಸಮುದ್ರಮಟ್ಟದಿಂದ 700 ಮೀಟರಿಗಿಂತ ಎತ್ತರದಲ್ಲಿದೆ. ಬೆಳಿಗ್ಗೆ ನೇತ್ರಾಣಿಯಲ್ಲಿ ಮುಳುಗಿ, ಮಧ್ಯಾಹ್ನವೇ ಕಾರು ಹತ್ತಿ ಶಿವಮೊಗ್ಗದ ಮೇಲೆ ದುರ್ಗ ದಾಟಿ ಚಳ್ಳಕೆರೆ ಸೇರುವ ಲೆಕ್ಕ ಹಾಕಿದವರು ಆ ರಾತ್ರಿ ಮುರುಡೇಶ್ವರದಲ್ಲೇ ಉಳಿದು, ಮರುದಿನ ಬೆಳಿಗ್ಗೆ ಹೊರಡಬೇಕು.