ಜಪಾನಿನಿಂದ ಬಂದ ಬೊಂಬೆ
ದಸರೆಯ ಬೊಂಬೆಗಳ ಸಾಲಿಗೆ ಜಪಾನಿನ ಕೊಕೇಶಿಯೊಂದು ಬೇಕೆಂದು ನಮ್ಮ ಮಗಳು ಹಟ ಹಿಡಿದಳು. ಎಣಿಸಿ ಮಾಡಿದ ಕೆಲವೇ ಬೊಂಬೆಗಳು, ತಡಮಾಡಿದರೆ ಸಿಗಲಾರವೆಂಬ ಅವಸರದಲ್ಲಿ ಹಣ ಕಳುಹಿಸಿಬಿಟ್ಟೆವು. ಮರೆತುದು ಸುಂಕವನ್ನು! ವಾಚಕರೇ, ಅದನ್ನು ಬೊಂಬೆಯ ಬೆಲೆಗಷ್ಟೇ ಅಲ್ಲ, ಸಾಗಣೆ, ವಿಮೆಗಳನ್ನೂ ಕೂಡಿಸಿ ಲೆಕ್ಕಹಾಕುತ್ತಾರೆ. ಪೆಟ್ಟಿಗೆ ದೇಹೂ ರೋಡಿನ ನಮ್ಮ ಮನೆ ಸೇರುವಷ್ಟರಲ್ಲಿ ಹಬ್ಬದ ಸೀರೆಯ ಹಣವೂ ಕರಗಿತ್ತು.

ಬಿಚ್ಚಿದರೆ ಕೈಕಾಲಿಲ್ಲದ ಮರದ ಹುಡುಗಿ. ಅಡಿಯಲ್ಲಿ ಮಾಡಿದವನ ಸಹಿ. ಈಶಾನ್ಯ ಜಪಾನಿನ ತೋಹೊಕು ಪ್ರಾಂತದಲ್ಲಿ, ಬಿಸಿನೀರಿನ ಬುಗ್ಗೆಗಳ ಊರುಗಳಲ್ಲಿ, ಲೇಥಿನ ಮೇಲೆ ಕಡೆದು ಮಾಡುವ ಬೊಂಬೆಯಿದು. ನಮ್ಮ ಚನ್ನಪಟ್ಟಣದವರೂ ಆಲೆಮರವನ್ನು ಹಾಗೆಯೇ ಕಡೆದು, ತಿರುಗುತ್ತಿರುವಾಗಲೇ ಅರಗಿನ ಬಣ್ಣ ಹಿಡಿಸುತ್ತಾರಲ್ಲವೇ? ಅಜ್ಜಿ ಎರಡನ್ನೂ ಒಂದೇ ಮೆಟ್ಟಿಲಲ್ಲಿ ಕೂರಿಸಿದರು.

ಮೂಲ ಪೆಟ್ಟಿಗೆಯಿದ್ದರೇ ಬೆಲೆಯಂತೆ. ಅಜ್ಜಿ ಅದರಲ್ಲಿ ಹೂಬತ್ತಿ ತುಂಬಿಟ್ಟಿದ್ದಾರೆ.